ವಾರದ ಲೆಕ್ಕವೋ, ಸೀಸನ್ನಿನ ಲೆಕ್ಕವೋ

2023ರಲ್ಲಿ ನಾನು ನೈರೋಬಿಯ ಪಂಗಾನಿಯಲ್ಲಿದ್ದ ಒಂದು ಸಣ್ಣ ಡಯಾಲಿಸಿಸ್ ಕೇಂದ್ರದ ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ಆರು ಯಂತ್ರ, ಆರು ಕುರ್ಚಿ, ನಾಲ್ವರು ನರ್ಸುಗಳು, ವಾರಕ್ಕೆರಡು ಸಲ ಬಂದುಹೋಗುವ ಒಬ್ಬರು ಕಿಡ್ನಿ ಡಾಕ್ಟರು. ಉಡುಪಿ ಕಡೆಯ ಕೊಂಕಣಿ ಮನೆಯಲ್ಲಿ ಹುಟ್ಟಿ, ಮಂಗಳೂರಿನಲ್ಲಿ ನರ್ಸಿಂಗ್ ಕಲಿತು ಈ ಊರಿಗೆ ಬಂದು ಆಗಲೇ ಇಪ್ಪತ್ತೆರಡು ವರ್ಷವಾಗಿತ್ತು. ನನ್ನ ಬಾಯಿ ಸ್ವಲ್ಪ ಜೋರು. ಹೇಳಬೇಕಾದ್ದನ್ನು ಮುಖಕ್ಕೇ ಹೇಳುವವಳು ಎಂಬ ಹೆಸರೂ ಇತ್ತು. ಆ ಹೆಸರಿಗೆ ನಾನು ಎಷ್ಟು ಯೋಗ್ಯಳು ಎಂಬುದು ಮುಂದೆ ಓದಿದರೆ ಗೊತ್ತಾಗುತ್ತದೆ.

ಡಯಾಲಿಸಿಸ್ ಎಂದರೆ ಕಿಡ್ನಿ ಕೈಕೊಟ್ಟವರ ರಕ್ತವನ್ನು ಯಂತ್ರದಲ್ಲಿ ಹಾಯಿಸಿ, ಶುದ್ಧ ಮಾಡಿ, ಮತ್ತೆ ಮೈಗೆ ಸೇರಿಸುವುದು. ಒಂದು ಸರದಿಗೆ ನಾಲ್ಕು ಗಂಟೆ. ನಮ್ಮಲ್ಲಿ ಹೆಚ್ಚಿನವರು ವಾರಕ್ಕೆ ಎರಡು ದಿನ ಬರುತ್ತಿದ್ದರು. ನಾಲ್ಕು ಗಂಟೆ ಕೈ ಅಲುಗಾಡಿಸದೆ ಕೂರುವವರಿಗೆ ಮಾತು ಬೇಗ ಮುಗಿದುಹೋಗುತ್ತದೆ. ಯಾರಾದರೂ ತೀರಿಕೊಂಡರೆ ನಾವು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮುಂದಿನ ಸರದಿಗೆ ಆ ಕುರ್ಚಿಯಲ್ಲಿ ಬೇರೊಬ್ಬರು ಕೂತಿರುತ್ತಿದ್ದರು, ಉಳಿದವರು ಅತ್ತ ನೋಡದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ಈ ಮೌನ ಮುರಿದವರು ಶೇಷಾದ್ರಿ ಸರ್. ಮೈಸೂರಿನವರು, ಇಲ್ಲಿನ ಒಂದು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದು ನಿವೃತ್ತರಾದವರು. ಹೆಂಡತಿ ಸರೋಜಮ್ಮ, ಒಬ್ಬಳೇ ಮಗಳು ಕಾವ್ಯ, ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿ ಮನೆ. ಹರೆಯದಲ್ಲಿ ಅಮೆರಿಕದಲ್ಲಿ ಓದುವಾಗ ಅವರಿಗೆ ಬೇಸ್‌ಬಾಲ್ ಹುಚ್ಚು ಹಿಡಿದಿತ್ತು. ಒಂದು ದಿನ ಯಂತ್ರಕ್ಕೆ ಜೋಡಿಸುತ್ತಿರುವಾಗ, ಇಲ್ಲೊಂದು ಫ್ಯಾಂಟಸಿ ಲೀಗ್ ಮಾಡೋಣ, ನೀವೇ ಅಧ್ಯಕ್ಷರು ಎಂದರು. ಫ್ಯಾಂಟಸಿ ಲೀಗ್ ಎಂದರೆ, ಎಂಟು ಜನ ರೋಗಿಗಳು ಸರದಿಯ ಪ್ರಕಾರ ಅಮೆರಿಕದ ನಿಜವಾದ ಆಟಗಾರರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುವುದು. ಅವರು ಅಲ್ಲಿ ನಿಜವಾದ ಪಂದ್ಯದಲ್ಲಿ ಹೊಡೆದದ್ದು, ಓಡಿದ್ದು, ಎಸೆದದ್ದು ಇಲ್ಲಿ ಅವರನ್ನು ಆರಿಸಿದವರ ತಂಡದ ಅಂಕವಾಗುತ್ತದೆ.

ನಾನು ನಕ್ಕುಬಿಟ್ಟೆ. ಬೇಸ್‌ಬಾಲಿನಲ್ಲಿ ಎಷ್ಟು ಜನ ಆಡುತ್ತಾರೆಂದೂ ನನಗೆ ಗೊತ್ತಿರಲಿಲ್ಲ. ಆದರೆ ಅವರ ವಾದದಲ್ಲಿ ಹುರುಳಿತ್ತು. ಫುಟ್‌ಬಾಲ್ ಮಾತೆತ್ತಿದರೆ ನಮ್ಮ ರೋಗಿಗಳು ಜಗಳಕ್ಕೆ ನಿಂತು ಬಿಪಿ ಏರಿಸಿಕೊಳ್ಳುತ್ತಿದ್ದರು. ಕ್ರಿಕೆಟ್ ನೋಡುವವರು ನಾವಿಬ್ಬರೇ. ಬೇಸ್‌ಬಾಲ್ ಯಾರಿಗೂ ಗೊತ್ತಿಲ್ಲ, ಆದ್ದರಿಂದ ಎಲ್ಲರೂ ಸರಿಸಮಾನ ದಡ್ಡರು. ಅಲ್ಲದೆ ಅದು ಸೀಸನ್ನಿನ ಆರು ತಿಂಗಳೂ ಹೆಚ್ಚುಕಡಿಮೆ ದಿನಾ ನಡೆಯುವ ಆಟ. ಅಮೆರಿಕದ ಸಂಜೆಯ ಪಂದ್ಯಗಳು ಮುಗಿಯುವ ಹೊತ್ತಿಗೆ ನಮ್ಮಲ್ಲಿ ಬೆಳಗಿನ ಸರದಿ ಶುರುವಾಗುತ್ತಿತ್ತು. ಯಾವ ದಿನ ಬಂದರೂ ರೋಗಿಗೆ ಒಂದು ಸುದ್ದಿ ಕಾದಿರುತ್ತಿತ್ತು.

ಅಂಕ ಹಾಕುವ ಕ್ರಮವನ್ನು ಆರಿಸುವುದು ಅಧ್ಯಕ್ಷೆಯಾದ ನನ್ನ ಕೆಲಸ. ಮುಖ್ಯವಾಗಿ ಎರಡು ಕ್ರಮಗಳಿದ್ದವು. ಮೊದಲನೆಯದು ಇಡೀ ಸೀಸನ್ನಿನ ಲೆಕ್ಕ. ರನ್ನು, ಹೋಂ ರನ್ನು, ಕದ್ದ ಬೇಸು, ಚೆಂಡೆಸೆಯುವ ಪಿಚರ್ ಔಟ್ ಮಾಡಿದವರು, ಹೀಗೆ ಹತ್ತು ವಿಭಾಗಗಳಲ್ಲಿ ಪ್ರತಿ ತಂಡದ ಒಟ್ಟು ಮೊತ್ತ ಮಾರ್ಚಿನಿಂದ ಸೆಪ್ಟೆಂಬರ್‌ವರೆಗೆ ಬೆಳೆಯುತ್ತಾ ಹೋಗುತ್ತದೆ. ಒಂದೊಂದು ವಿಭಾಗದಲ್ಲೂ ಮೊದಲಿಗರಿಗೆ ಎಂಟು ಅಂಕ, ಕೊನೆಯವರಿಗೆ ಒಂದು. ಎರಡನೆಯದು ವಾರದ ಲೆಕ್ಕ. ಪ್ರತಿ ವಾರ ಎರಡೆರಡು ತಂಡಗಳಿಗೆ ಜೋಡಿ. ಭಾನುವಾರ ಗೆಲುವು ಸೋಲು ತೀರ್ಮಾನ, ಸೋಮವಾರ ಎಲ್ಲರೂ ಮತ್ತೆ ಸೊನ್ನೆಯಿಂದ ಆರಂಭ.

ಶೇಷಾದ್ರಿ ಸರ್ ಮೊದಲನೆಯದಕ್ಕೇ ಪಟ್ಟು ಹಿಡಿದರು. "ಒಂದು ವಾರ ಅನ್ನೋದು ಬರೀ ಅದೃಷ್ಟ ಸಿಸ್ಟರ್. ಇಡೀ ಸೀಸನ್ ನೋಡಿದ್ರೆ ಮಾತ್ರ ಯಾರು ಏನು ಅಂತ ಗೊತ್ತಾಗೋದು." ಆ ವರ್ಷ ಅದೇ ಕ್ರಮ ಇಟ್ಟುಕೊಂಡೆವು. ಗೋಡೆಗೆ ಒಂದು ದೊಡ್ಡ ಪಟ್ಟಿ ಅಂಟಿಸಿದೆ. ಮೊದಲು ಮಟಾಟು ಎಂಬ ಬಾಡಿಗೆ ವ್ಯಾನು ಓಡಿಸುತ್ತಿದ್ದ ಒಟಿಯೆನೊ, ಎನ್ಗಾರಾ ಮಾರುಕಟ್ಟೆಯಲ್ಲಿ ತರಕಾರಿ ಮಾರುತ್ತಿದ್ದ ಮಾಮಾ ವಂಜಿರು (ಸ್ವಾಹಿಲಿಯಲ್ಲಿ ಮಾಮಾ ಎಂದರೆ ಅಮ್ಮ), ಎಲ್ಲರೂ ಬಾಗಿಲಲ್ಲಿ ಚಪ್ಪಲಿ ಬಿಡುವ ಮುನ್ನವೇ ಪಟ್ಟಿ ಕಡೆ ಕತ್ತು ಚಾಚುತ್ತಿದ್ದರು. ಸರದಿ ತಪ್ಪಿಸುವವರು ಕಡಿಮೆಯಾದರು. ನನಗೆ ತುಂಬ ಖುಷಿಯಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಜುಲೈಯಲ್ಲಿ ಕರಿಯುಕಿ ಎಂಬ ಮುದುಕರು ತೀರಿಕೊಂಡರು. ಕುರ್ಚಿಗೆ ಬೇರೊಬ್ಬರು ಬಂದರು. ಆದರೆ ಪಟ್ಟಿಯಲ್ಲಿ ಅವರ ತಂಡ ಹಾಗೇ ಇತ್ತು, ಅವರು ಆರಿಸಿದ ಆಟಗಾರರು ಅಲ್ಲಿ ಹೊಡೆಯುತ್ತಲೇ ಇದ್ದರು. ಆಗಸ್ಟ್ ಮುಗಿಯುವಾಗ ಸತ್ತವರ ತಂಡ ಎರಡನೇ ಸ್ಥಾನಕ್ಕೆ ಏರಿತು. ಮಾಮಾ ವಂಜಿರು ಮೂರನೆಯವರು. "ಸಿಸ್ಟರ್, ಮಣ್ಣಿನೊಳಗಿರುವವನು ನನ್ನನ್ನು ಸೋಲಿಸ್ತಿದ್ದಾನೆ," ಎಂದು ಸ್ವಾಹಿಲಿಯಲ್ಲಿ ಹೇಳಿ ನಕ್ಕರು. ಆಮೇಲೆ ಇಡೀ ಸರದಿ ಪಟ್ಟಿಯ ಕಡೆಯಿಂದ ಮುಖ ತಿರುಗಿಸಿಕೊಂಡೇ ಕೂತರು.

ಇದಕ್ಕೆ ಶೇಷಾದ್ರಿ ಸರ್ 2024ರ ಜನವರಿಯಲ್ಲಿ ಒಂದು ಪರಿಹಾರ ಬರೆದುಕೊಟ್ಟರು. ಯಾರಾದರೂ ಲೀಗ್ ಬಿಟ್ಟುಹೋದರೆ ಅವರ ತಂಡದ ಅಂಕವನ್ನು ಆ ದಿನಕ್ಕೇ ನಿಲ್ಲಿಸಿಬಿಡುವುದು, ಆದರೆ ಹೊಸ ವರ್ಷವೂ ಇಡೀ ಸೀಸನ್ನಿನ ಲೆಕ್ಕವನ್ನೇ ಮುಂದುವರಿಸುವುದು. ಹಾಳೆಯ ಮೇಲೆ ನಾನೇ ಒಪ್ಪಿಗೆ ಎಂದು ಸಹಿ ಹಾಕಿದೆ.

ಫೆಬ್ರವರಿಯಲ್ಲಿ ಸರ್ ಅವರ ರಕ್ತನಾಳಗಳ ಸ್ಕ್ಯಾನ್ ಆಯಿತು. ಇಲ್ಲಿ ಸ್ವಲ್ಪ ವಿವರಿಸಬೇಕು. ಯಂತ್ರಕ್ಕೆ ರಕ್ತ ಹರಿಸಲು ಮೈಯಲ್ಲಿ ಒಂದು ದಾರಿ ಬೇಕು. ಸಾಮಾನ್ಯವಾಗಿ ಕೈಯಲ್ಲಿ ಎರಡು ನಾಳಗಳನ್ನು ಜೋಡಿಸಿ ಮಾಡುವ ಫಿಸ್ಟುಲಾ. ಅದು ಕೆಟ್ಟರೆ ಕುತ್ತಿಗೆಯಲ್ಲಿ ಕೊಳವೆ. ಸರ್‌ಗೆ ಎರಡೂ ಕೈಗಳ ಫಿಸ್ಟುಲಾ ಹೆಪ್ಪುಗಟ್ಟಿ ಹೋಗಿತ್ತು, ಎದೆಯೊಳಗಿನ ದೊಡ್ಡ ನಾಳಗಳು ಮುಚ್ಚಿಕೊಂಡಿದ್ದವು. ಉಳಿದದ್ದು ತೊಡೆಸಂದಿಯ ಒಂದೇ ದಾರಿ, ಅಲ್ಲಿ ಹೊಸ ಕೊಳವೆ ಹಾಕಿದರು. ಅವರ ಹೃದಯದ ಸ್ಥಿತಿಗೆ ಕಿಡ್ನಿ ಕಸಿ ಆಗುವಂತಿರಲಿಲ್ಲ. ಹೊಟ್ಟೆಯ ಹಳೆಯ ಆಪರೇಷನ್‌ಗಳಿಂದಾಗಿ ಬೇರೆ ಬಗೆಯ ಡಯಾಲಿಸಿಸ್ಸೂ ಸಾಧ್ಯವಿರಲಿಲ್ಲ. "ನಾಲ್ಕು ತಿಂಗಳು, ಹೆಚ್ಚೆಂದರೆ ಆರು," ಎಂದರು ಡಾಕ್ಟರು. ಸರ್ ಆಗ ಮತ್ತಿನ ಔಷಧಿಯಲ್ಲಿ ಮಲಗಿದ್ದರು. ಆ ಮಾತು ಕೇಳಿಸಿಕೊಂಡವರು ಸರೋಜಮ್ಮ ಮತ್ತು ನಾನು.

ಕಾವ್ಯಳ ಮದುವೆ ನವೆಂಬರ್‌ಗೆ ಗೊತ್ತಾಗಿತ್ತು. ಹುಡುಗ ಇದೇ ಊರಿನ ಪಾರ್ಕ್‌ಲ್ಯಾಂಡ್ಸ್‌ನವನು. ಅಲ್ಲಿನ ದೇವಸ್ಥಾನದ ಹಾಲ್ ಗೊತ್ತುಮಾಡಿ, ಮೈಸೂರಿನಿಂದ ನೆಂಟರು ಬರುವ ಏರ್ಪಾಡೂ ಆಗಿತ್ತು. ಮಗಳನ್ನು ಧಾರೆ ಎರೆದು ಕೊಡುವುದೊಂದು ಆಗಿಬಿಟ್ಟರೆ ಸಾಕು, ಆಮೇಲೆ ಈ ಯಂತ್ರವನ್ನು ನೀವೇ ಇಟ್ಟುಕೊಳ್ಳಿ ಎಂದು ಸರ್ ನನ್ನನ್ನು ಗೇಲಿ ಮಾಡುತ್ತಿದ್ದರು. ಸರೋಜಮ್ಮ ಕಾರಿಡಾರಿನಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡರು.

"ಇವರಿಗೆ ಹೇಳ್ಬೇಡಿ ಸಿಸ್ಟರ್. ಕಾವ್ಯಂಗೂ ಬೇಡ. ಗೊತ್ತಾದ್ರೆ ಇವರು ಧೈರ್ಯ ಕಳ್ಕೊಂಡು ಇವತ್ತೇ ಮಲಗಿಬಿಡ್ತಾರೆ. ನವೆಂಬರ್ ತನಕ ಹೇಗೋ ಎಳೆದುಬಿಡೋಣ."

ಡಾಕ್ಟರು ಮನೆಯವರ ಇಷ್ಟ ಎಂದು ಬಿಟ್ಟರು. ನಾನೂ ಹೂಂ ಅಂದೆ. ನಮ್ಮ ಜನರಲ್ಲಿ ಇದು ಹೊಸದಲ್ಲ. ರೋಗ ಒಬ್ಬರದು, ಅದರ ಸುದ್ದಿ ಮನೆಯವರದು. ನನ್ನ ಸ್ವಂತ ಅಪ್ಪನಿಗೂ ನಾವು ಕೊನೆಯ ತನಕ ಹೊಟ್ಟೆಯ ಹುಣ್ಣು ಎಂದೇ ಹೇಳಿದ್ದೆವು.

ಮಾರ್ಚಿನಲ್ಲಿ ಹೊಸ ಸೀಸನ್ನಿಗೆ ತಂಡ ಕಟ್ಟುವ ದಿನ ಬಂತು. ಅರ್ಧದಲ್ಲೇ ನಿಂತುಹೋದ ಶೇಷಾದ್ರಿ ಸರ್ ಅವರ ತಂಡವನ್ನು ಸೆಪ್ಟೆಂಬರ್ ತನಕ ಗೋಡೆಯ ಮೇಲೆ ನೋಡುವ ಶಕ್ತಿ ನನಗಿರಲಿಲ್ಲ. ವಾರದ ಲೆಕ್ಕವಾದರೆ ಅವರು ಇದ್ದಷ್ಟು ವಾರ ಪೂರ್ತಿ ಆಡಿ ಗೆಲ್ಲಬಹುದಲ್ಲ ಎಂದುಕೊಂಡೆ. ನಾನದನ್ನು ಕರುಣೆ ಎಂದೇ ನಂಬಿದ್ದೆ. ಈ ಸಲ ವಾರದ ಲೆಕ್ಕ ಎಂದು ಎಲ್ಲರೆದುರು ಹೇಳಿಬಿಟ್ಟೆ. ಒಟಿಯೆನೊಗೆ ಅರ್ಥಮಾಡಿಕೊಳ್ಳಲು ಸುಲಭ ಎಂಬ ಕಾರಣವನ್ನೂ ಕೊಟ್ಟೆ. ನನಗೆ ಹೋದ ವರ್ಷವೇ ಎಲ್ಲ ಅರ್ಥವಾಗಿತ್ತಲ್ಲ ಎಂದು ಒಟಿಯೆನೊ ಮುಖ ಊದಿಸಿಕೊಂಡ.

ಶೇಷಾದ್ರಿ ಸರ್ ತಾವು ಬರೆದು ತಂದಿದ್ದ ಆಟಗಾರರ ಪಟ್ಟಿ ಬಿಡಿಸಿದರು. ಎಲ್ಲರೂ ಆಟಗಾರರನ್ನು ಆರಿಸಿದರು, ಅವರೂ ಆರಿಸಿದರು. ಸರದಿ ಮುಗಿದು ನಾನು ಕೊಳವೆಗೆ ಮುಚ್ಚಳ ಹಾಕುತ್ತಿದ್ದಾಗ ಕನ್ನಡದಲ್ಲಿ ಮೆಲ್ಲಗೆ ಶುರುಮಾಡಿದರು.

"ಜನವರೀಲಿ ನೀವೇ ಸಹಿ ಹಾಕಿದ್ರಿ. ಆಟ ಅದೇ, ಜನ ಅವರೇ, ಒಟಿಯೆನೊ ಬುದ್ಧೀನೂ ಅದೇ. ಜನವರಿಗೂ ಮಾರ್ಚಿಗೂ ನಡುವೆ ಬದಲಾಗಿದ್ದು ಒಂದೇ. ನನ್ನ ಸ್ಕ್ಯಾನ್."

ನಾನು ಬ್ಯಾಂಡೇಜು ಸುತ್ತುತ್ತಲೇ ಇದ್ದೆ.

"ಸಿಸ್ಟರ್, ನೇರವಾಗಿ ಕೇಳ್ತೀನಿ. ನಾನು ಸೆಪ್ಟೆಂಬರ್ ತನಕ ಇರ್ತೀನಾ? ಇರಲ್ಲ ಅಂದ್ರೆ ಹೇಳ್ಬಿಡಿ. ಮಗಳ ಮದುವೇನ ಮುಂದಕ್ಕೆ ತಂದ್ಕೋತೀನಿ. ಹಾಲ್ ಬೇಡ, ಊಟ ಬೇಡ, ದೇವಸ್ಥಾನದಲ್ಲಿ ಒಂದು ಹಾರ ಸಾಕು."

ಉತ್ತರ ನನಗೆ ಗೊತ್ತಿತ್ತು. ಹೌದು ಸರ್, ತಂದುಕೊಳ್ಳಿ ಎಂದರೆ ಮುಗಿಯುತ್ತಿತ್ತು. ಬಾಗಿಲ ಗಾಜಿನಾಚೆ ಸರೋಜಮ್ಮ ಕೈಚೀಲ ಹಿಡಿದು ಕಾಯುತ್ತಿದ್ದುದು ಕಾಣುತ್ತಿತ್ತು.

"ಎಂತ ಸರ್ ನೀವು! ಬರೀ ಆಟದ ವಿಷಯಕ್ಕೆ ಎಂತೆಂತದ್ದೋ ಲೆಕ್ಕ ಹಾಕ್ತೀರಿ ಮಾರಾಯ್ರೆ. ಹೊಸ ಕೊಳವೆ ಚೆನ್ನಾಗುಂಟು. ನವೆಂಬರ್‌ನಲ್ಲಿ ನಾನೇ ಸೀರೆ ಉಟ್ಟು ಬರ್ತೇನೆ, ನೋಡಿ ಬೇಕಾದ್ರೆ."

ಅವರು ನನ್ನ ಮುಖ ನೋಡಿದರು. "ನೀವು ಸುಳ್ಳು ಹೇಳೋರಲ್ಲ ಬಿಡಿ," ಎಂದು ನಿಟ್ಟುಸಿರುಬಿಟ್ಟರು. ನನ್ನನ್ನು ನಂಬಿದರು. ಸಂಖ್ಯೆಗಳು ಹೇಳಿದ್ದನ್ನು ಬದಿಗಿಟ್ಟು, ಬಾಯಿ ಜೋರಿನ ಹೆಂಗಸೊಬ್ಬಳ ಮಾತನ್ನು ನಂಬಿದರು. ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅವರು ಹನ್ನೊಂದು ವಾರ ಆಡಿದರು. ಎಂಟು ವಾರ ಗೆದ್ದರು. ಜೂನ್ ಮಧ್ಯದಲ್ಲಿ ಒಂದು ಗುರುವಾರ ಯಂತ್ರ ಶುರುವಾದ ಅರ್ಧ ಗಂಟೆಗೆ ಚಳಿ ಹಿಡಿದು ನಡುಗಿದರು. ಕೊಳವೆಯ ಸೋಂಕು ರಕ್ತಕ್ಕೆ ಹೋಗಿತ್ತು. ಉಳಿದ ಒಂದೇ ದಾರಿಯನ್ನೂ ತೆಗೆಯಬೇಕಾಯಿತು. ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಐದನೆಯ ದಿನ ತೀರಿಕೊಂಡರು. ಮೊದಲ ದಿನದಿಂದಲೇ ಮಾತು ನಿಂತಿತ್ತು ಎಂದು ಆಮೇಲೆ ತಿಳಿಯಿತು.

ಎರಡು ವಾರದ ನಂತರ ಅವರ ಶಾಲು ಮತ್ತು ದಿಂಬು ತೆಗೆದುಕೊಂಡು ಹೋಗಲು ಕಾವ್ಯ ಬಂದಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಮಾತು ಮಾತ್ರ ಇಂಗ್ಲಿಷು. ತಾಯಿ ಅವಳಿಗೆ ಎಲ್ಲವನ್ನೂ ಹೇಳಿದ್ದರು, ಸರ್ ನನ್ನನ್ನು ಕೇಳಿದ್ದಾಗಿ ಅವತ್ತೇ ಮನೆಯಲ್ಲಿ ಹೇಳಿಕೊಂಡಿದ್ದನ್ನೂ.

"ಸಿಸ್ಟರ್, ಹೀ ಆಸ್ಕ್ಡ್ ಯೂ?"

"ಹೌದು, ಕೇಳಿದ್ರು."

"ಆಂಡ್ ಯೂ ನ್ಯೂ."

"ಗೊತ್ತಿತ್ತು."

ಅವಳು ಕೂಗಾಡಲಿಲ್ಲ. ಶಾಲನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. "ಐ ವುಡ್ ಹ್ಯಾವ್ ಮ್ಯಾರೀಡ್ ದಟ್ ಸ್ಯಾಟರ್ಡೇ," ಎಂದಳು. ಅಪ್ಪ ಕೇಳಿದ ಆ ವಾರದ ಶನಿವಾರವೇ ಮದುವೆಯಾಗಿಬಿಡುತ್ತಿದ್ದೆ ಎಂದು. ಅಷ್ಟು ಹೇಳಿ ಹೊರಟುಹೋದಳು. ನಾನು ಔಷಧಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ವಾರದ ಜೋಡಿಗೆ ಎಂಟು ತಂಡ ಬೇಕಿದ್ದರಿಂದ ಸರ್ ಅವರ ತಂಡವನ್ನು ನಿಲ್ಲಿಸದೆ ಆ ಸೀಸನ್ನನ್ನು ಹೇಗೋ ಮುಗಿಸಿದೆವು. ಶೇಷಾದ್ರಿ ಸರ್ ತಂಡದೊಂದಿಗೆ ಜೋಡಿ ಬಿದ್ದವರಿಗೆ ಗೆಲುವು ಸುಲಭವಾಗಿತ್ತು, ಅಲ್ಲಿ ಗಾಯಗೊಂಡ ಆಟಗಾರರನ್ನು ಬದಲಾಯಿಸುವವರೇ ಇರಲಿಲ್ಲ. ಆ ಗೆಲುವನ್ನು ಪಟ್ಟಿಯಲ್ಲಿ ಬರೆಯಬೇಡಿ ಎಂದು ಮಾಮಾ ವಂಜಿರು ನನಗೆ ಗದರಿಸಿದರು. ನಾನು ಕರುಣೆ ಎಂದು ಆರಿಸಿದ ಕ್ರಮ ಯಾರಿಗೂ ಬೇಕಾಗಿರಲಿಲ್ಲ.

ನಾನು ನಿವೃತ್ತಳಾಗುವ ಮುನ್ನ ಇನ್ನೊಂದು ಸೀಸನ್ ನಡೆಸಿದೆ. ಆ ಸಲ ಕ್ರಮವನ್ನು ನಾನು ಆರಿಸಲಿಲ್ಲ, ಎಂಟೂ ಜನರ ಬಳಿ ಕೂತು ಕೇಳಿದೆ. ಕೇಳುವ ಮುನ್ನ, ನಿಮ್ಮ ರೋಗದ ಬಗ್ಗೆ ನಿಮಗೆ ಎಷ್ಟು ಗೊತ್ತಿರಬೇಕು, ಡಾಕ್ಟರನ್ನು ಕರೆಸಲೇ ಎಂದೂ ಕೇಳಿದೆ. ಇಬ್ಬರು ಬೇಡ ಎಂದರು. ಆರು ಜನ ಡಾಕ್ಟರನ್ನು ಕರೆಸಿಕೊಂಡು ಎಲ್ಲ ಕೇಳಿ ತಿಳಿದರು, ಆಮೇಲೂ ಇಡೀ ಸೀಸನ್ನಿನ ಲೆಕ್ಕವೇ ಇರಲಿ ಎಂದರು. ಇಷ್ಟು ವರ್ಷ ನರ್ಸಾಗಿದ್ದೂ ನನಗೆ ಗೊತ್ತಿರದಿದ್ದದ್ದು ಇಷ್ಟೇ. ಕೇಳಿದವರಿಗೆ ಉತ್ತರ ಕೊಡಬೇಕು. ಅದನ್ನು ತಡೆದುಕೊಳ್ಳುವ ಶಕ್ತಿ ಅವರಿಗಿದೆಯೋ ಇಲ್ಲವೋ ಎಂದು ನಾವು ತೀರ್ಮಾನಿಸುವಂತಿಲ್ಲ.

ಒಂದು ಮಾತು ಉಳಿಯಿತು. ವರ್ಷದೊಳಗೇ ಆಗಿಬಿಡಲಿ ಎಂದು ಹಿರಿಯರು ಹೇಳಿ, ಕಾವ್ಯಳ ಮದುವೆ ಆ ನವೆಂಬರ್‌ನಲ್ಲಿ ಮೊದಲು ಗೊತ್ತುಮಾಡಿದ್ದ ದಿನವೇ ನಡೆದಿತ್ತು. ನನಗೂ ಕರೆ ಬಂದಿತ್ತು. ಸೀರೆ ಉಟ್ಟುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಮಂಟಪದಲ್ಲಿ ಧಾರೆ ಎರೆದದ್ದು ಮೈಸೂರಿನಿಂದ ಬಂದ ಚಿಕ್ಕಪ್ಪ ಚಿಕ್ಕಮ್ಮ. ಸರೋಜಮ್ಮ ಮಂಟಪದ ಹತ್ತಿರ ಹೋಗದೆ ನನ್ನ ಪಕ್ಕದ ಕುರ್ಚಿಗೆ ಬಂದು ಕೂತರು. ವಾಲಗ ಜೋರಾದಾಗ ನನ್ನ ಕೈ ಹಿಡಿದುಕೊಂಡರು.

"ನಾವು ಒಳ್ಳೇದಕ್ಕೇ ಅಲ್ವಾ ಸಿಸ್ಟರ್ ಹಾಗ್ ಮಾಡಿದ್ದು?"

ಹೌದು ಎನ್ನುವುದು ಎಷ್ಟು ಸುಲಭವಿತ್ತು. ನಾನು ಅವರ ಕಡೆ ತಿರುಗಿದೆ.

"ಒಳ್ಳೇದು ಬಯಸಿದ್ದು ಹೌದು ಸರೋಜಮ್ಮ. ಮಾಡಿದ್ದು ತಪ್ಪು. ನಿಮ್ಮದಕ್ಕಿಂತ ನನ್ನದು ದೊಡ್ಡದು, ಅವರು ಕೇಳಿದ್ದು ನನ್ನನ್ನು."

ಅವರ ಮುಖ ಒಮ್ಮೆ ಬಿಳಿಚಿಕೊಂಡಿತು. ಆಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಯಾರಿಗೂ ಕೇಳದ ಹಾಗೆ, ಐದು ತಿಂಗಳಲ್ಲಿ ಮೊದಲ ಸಲ ಎಂಬಂತೆ ಅತ್ತರು. ನನ್ನ ಕೈಯನ್ನು ಮಾತ್ರ ಬಿಡಲಿಲ್ಲ.