ಹದಿನೇಳನೇ ಅರ್ಜಿಯ ಸುಚಿತ್ರಾ

ಐದಕ್ಕೆ ಎರಡು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ನಾನು ಕೊಟ್ಟ ಅಂಕ ಅದು. ಮಗಳಿಗೆ ಅನ್ನ ಕಲಸುವಾಗ, ಅವಳ ಕಿವಿಯ ಹಿಂದೆ, ಕಂಕುಳಲ್ಲಿ ಉಣುಗು ಕಚ್ಚಿಕೊಂಡಿದೆಯೇ ಎಂದು ಹುಡುಕುವಾಗ ಆ ಅಂಕ ತಲೆಯೊಳಗೆ ಕೂತೇ ಇರುತ್ತದೆ. ಉಣುಗು ಎಂದರೆ ಕಾಡಲ್ಲಿ ಮೇಯುವ ದನಗಳ ಮೈಗೆ ಹತ್ತುವ ಸಣ್ಣ ಹುಳ. ಮಂಗನ ಕಾಯಿಲೆ ಮನುಷ್ಯರಿಗೆ ದಾಟುವುದು ಅದರಿಂದ. ನಮ್ಮ ಮನೆ ಸಾಗರದ ಪೇಟೆಯೊಳಗೆ, ಕಾಡು ದೂರ. ಆದರೂ ದಿನಕ್ಕೆರಡು ಸಲ ಹುಡುಕುತ್ತೇನೆ.

"ಎಂತಕ್ಕೆ ಆ ಕೂಸಿನ ಮೈಯೆಲ್ಲ ತಡಕ್ತೆ? ಮಂಗ ಹೇನು ಹೆಕ್ಕಿದಂಗೆ," ಎಂದು ಅತ್ತೆ ನಾಗರತ್ನಮ್ಮ ನಗುತ್ತಾರೆ.

ಈ ಭಯವನ್ನು ನನಗೆ ಕೊಟ್ಟವಳು ಸುಚಿತ್ರಾ. ಎರಡು ಅಂಕ ಕೊಟ್ಟದ್ದೂ ಅವಳಿಗೇ.

ಸುಚಿತ್ರಾ ಹುಲಿಕಲ್ ಕಡೆಯವಳು, ಗದ್ದೆ ಮಾಡುವ ಬೆಳ್ಳಪ್ಪನವರ ಮಗಳು. ಇಪ್ಪತ್ತಾರು ವರ್ಷ. ಹೊಸನಗರದಲ್ಲಿ ಡಿಗ್ರಿ ಮುಗಿಸಿ ಪಂಚಾಯಿತಿಯೊಂದರಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದವಳು. ನಾನು ಬೆಂಗಳೂರಿನಲ್ಲಿ ಓದಿ, ಮದುವೆಯಾಗಿ ಇಲ್ಲಿಗೆ ಬಂದು, ಹೆರಿಗೆಯ ನಂತರ ಮನೆಯಿಂದಲೇ ಕಂಪನಿ ಕೆಲಸ ಮಾಡುತ್ತ, ಭಾನುವಾರ ಒಂದಷ್ಟು ಜನಕ್ಕೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತಿದ್ದೆ. ಆ ತರಗತಿಗೆ ಅವಳು ಮೊದಲ ಬಸ್ಸು ಹಿಡಿದು ಬರುತ್ತಿದ್ದಳು. ಲ್ಯಾಪ್‌ಟಾಪ್ ಇರಲಿಲ್ಲ. ಪ್ರೋಗ್ರಾಮನ್ನು ಉದ್ದ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದು ತರುತ್ತಿದ್ದಳು. ನನ್ನ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದರೆ ಹೆಚ್ಚಿನ ಸಲ ಒಂದೇ ಏಟಿಗೆ ಓಡುತ್ತಿತ್ತು. ಓಡದಿದ್ದರೆ ಯಾರನ್ನೂ ಕೇಳದೆ ರಬ್ಬರಿನಿಂದ ಅಳಿಸಲು ಶುರುಮಾಡುತ್ತಿದ್ದಳು.

ಅವಳ ತಾಯಿ ಯಮುನಮ್ಮ ತೀರಿಕೊಂಡದ್ದು ಮಂಗನ ಕಾಯಿಲೆಯಲ್ಲಿ. ಕೊಟ್ಟಿಗೆಗೆ ಹಾಸಲು ದರಗು, ಅಂದರೆ ಮರದಿಂದ ಉದುರಿದ ಒಣ ಎಲೆ, ಗುಡಿಸಿ ತರಲು ಜನವರಿಯಲ್ಲಿ ಗುಡ್ಡಕ್ಕೆ ಹೋಗಿದ್ದರು. ಅದಕ್ಕೆ ನಾಲ್ಕು ದಿನ ಮೊದಲು ಅದೇ ಗುಡ್ಡದಲ್ಲಿ ಮಂಗ ಸತ್ತು ಬಿದ್ದದ್ದನ್ನು ಯಾರೋ ನೋಡಿದ್ದರು. ಕಾಯಿಲೆಯಿಂದ ಮಂಗ ಸತ್ತರೆ ಅದರ ಮೈಯ ಉಣುಗು ಸುತ್ತಲಿನ ದರಗಿಗೆ ಇಳಿಯುತ್ತದೆ. ತಮ್ಮ ಕೇರಿಯ ಎರಡು ಮನೆಗೆ ಹೇಳಿದ್ದರು. ಗುಡ್ಡದ ಈಚೆಗಿದ್ದ ಬೆಳ್ಳಪ್ಪನವರ ಮನೆಗೆ ಆ ಸುದ್ದಿ ಬರಲೇ ಇಲ್ಲ.

"ಸತ್ತ ಮಂಗನ ಸುದ್ದಿಗೆ ಕಾಲಿಲ್ಲ ಅಕ್ಕ," ಎಂದಿದ್ದಳು ಒಮ್ಮೆ. "ಯಾರದ್ದೋ ಮದುವೆ ಮುರಿದಿದ್ದಾಗಿದ್ರೆ ಅರ್ಧ ಗಂಟೇಲಿ ಹೊಸನಗರ ಮುಟ್ತಿತ್ತು."

ಆ ಸುದ್ದಿಗೆ ಕಾಲು ಕಟ್ಟಿದಳು. ಹಳೆಯ ಫೋನೊಂದಕ್ಕೆ ಸಿಮ್ ಹಾಕಿ ಅಡುಗೆಮನೆ ಕಿಟಕಿಯಲ್ಲಿ ಸದಾ ಚಾರ್ಜಿಗಿಟ್ಟಳು. ಸತ್ತ ಮಂಗ ಕಂಡವರು ಗುಡ್ಡದ ಹೆಸರು ಬರೆದು ಆ ನಂಬರಿಗೆ ಮೆಸೇಜ್ ಹಾಕಿದರೆ ಸಾಕು. ಅವಳ ಪ್ರೋಗ್ರಾಮು ಆ ಗುಡ್ಡಕ್ಕೆ ಹೋಗುವ ಮನೆಗಳಿಗೆಲ್ಲ, ಆಶಾ ಕಾರ್ಯಕರ್ತೆಗೂ, ಕೂಡಲೇ ಮೆಸೇಜ್ ಕಳಿಸುತ್ತಿತ್ತು. ಇಂಟರ್ನೆಟ್ ಬೇಡ. ಹತ್ತಿರದ ಮನೆಗಳನ್ನು ಅವಳು ನಕ್ಷೆ ನೋಡಿ ಆರಿಸಿರಲಿಲ್ಲ. ಯಾವ ಮನೆಯವರು ಯಾವ ಗುಡ್ಡಕ್ಕೆ ದರಗಿಗೆ ಹೋಗುತ್ತಾರೆ ಎಂದು ಒಂದು ಮಳೆಗಾಲವಿಡೀ ಮನೆಮನೆ ತಿರುಗಿ ಕೇಳಿ ಬರೆದುಕೊಂಡಿದ್ದಳು. ಕಳೆದ ಬೇಸಿಗೆಯಲ್ಲಿ ಹತ್ತೊಂಬತ್ತು ಸಲ ಆ ಫೋನು ಜನರನ್ನು ತಡೆದಿತ್ತು.

ನವೆಂಬರಿನಲ್ಲಿ ಸಾಗರದಲ್ಲಿ ನಾವು ಕೆಲವರು ಸೇರಿ ಒಂದು ದಿನದ ಪ್ರೋಗ್ರಾಮಿಂಗ್ ಸಮ್ಮೇಳನ ನಡೆಸುತ್ತೇವೆ. ಹಿಂದಿನ ವರ್ಷ ಮಾತಾಡಿದ ಆರು ಜನರಲ್ಲಿ ನಾಲ್ವರು ಒಬ್ಬರಿಗೊಬ್ಬರು ನೆಂಟರು. "ಸಮ್ಮೇಳನ ಅಲ್ಲ, ಮದುವೆಮನೆ. ಹೋಳಿಗೆ ಒಂದು ಬಡಿಸ್ಲಿಲ್ಲ," ಎಂದು ಊರು ಆಡಿಕೊಂಡಿತು. ಅದಕ್ಕೇ ಈ ಸಲ ಮಾತಾಡಲು ಬಯಸುವವರ ಅರ್ಜಿಗಳಲ್ಲಿ ಹೆಸರು ಅಳಿಸಿ ನಂಬರು ಹಾಕುವುದು, ಮೂವರು ಬೇರೆಬೇರೆ ಅಂಕ ಕೊಡುವುದು ಎಂದಾಯಿತು. ತೀರ್ಥಹಳ್ಳಿಯ ಅಜಯ್, ಬೆಂಗಳೂರಿನ ಚೈತ್ರಾ, ನಾನು. ಅರ್ಜಿ ಯಾರದ್ದೆಂದು ಗುರುತು ಸಿಕ್ಕಿದರೆ ಅಂಕ ಕೊಡದೆ ಹಿಂದೆ ಸರಿಯಬೇಕು, ಉಳಿದಿಬ್ಬರ ಸರಾಸರಿ ಹಿಡಿಯಬೇಕು. ಆ ನಿಯಮ ಬರೆದವಳು ನಾನೇ.

ಹದಿನೇಳನೇ ಅರ್ಜಿಯ ಎರಡನೇ ಸಾಲಿನಲ್ಲೇ ದರಗು ಎಂಬ ಮಾತಿತ್ತು. ಕೊನೆಯಲ್ಲಿ ಹೀಗೆ ಬರೆದಿದ್ದಳು: "ಸಮ್ಮೇಳನಕ್ಕೆ ಆರೋಗ್ಯ ಇಲಾಖೆಯವರೂ ಬರುತ್ತಾರೆಂದು ಕೇಳಿದ್ದೇನೆ. ಅವರು ನೋಡಿ ಇದನ್ನು ಮೂರು ತಾಲ್ಲೂಕಿಗೆ ನಡೆಸಿದರೆ ಸಾಕು. ನನ್ನ ಹೆಸರು ಬೇಡ."

ನಾನು ಹಿಂದೆ ಸರಿಯಬೇಕಿತ್ತು. ಸರಿದರೆ ಅರ್ಜಿ ನನ್ನ ಶಿಷ್ಯೆಯದೆಂದು ಉಳಿದಿಬ್ಬರಿಗೆ ತಿಳಿಯುತ್ತದೆ, ಆಮೇಲೆ ಅವಳು ಗೆದ್ದರೂ ನನ್ನಿಂದ ಗೆದ್ದಳು ಅನ್ನುತ್ತಾರೆ ಎಂದುಕೊಂಡೆ. ಐದು ಕೊಟ್ಟರೆ ಪಕ್ಷಪಾತ. ನಾಲ್ಕು ಕೊಟ್ಟರೂ ಅನುಮಾನ. ಯಾರೂ ಬೆರಳು ತೋರಿಸದ ಅಂಕ ಹುಡುಕುತ್ತ ಎರಡಕ್ಕೆ ಬಂದು ನಿಂತೆ. ಕಾರಣ ಬರೆಯುವ ಜಾಗದಲ್ಲಿ ಬರೆದೆ: "ಅನುಭವ ಮನಮುಟ್ಟುತ್ತದೆ. ತಾಂತ್ರಿಕ ಆಳ ಸಾಲದು."

ಅಜಯ್ ನಾಲ್ಕು, ಚೈತ್ರಾ ನಾಲ್ಕು. ನನ್ನ ಎರಡು ಸೇರಿ ಹತ್ತು. ಆರನೆಯವನಾಗಿ ಆಯ್ಕೆಯಾದ ಗೌತಮನಿಗೆ ಹನ್ನೊಂದು.

"ಹದಿನೇಳನೇದು ಒಂದೇ ಅಂಕಕ್ಕೆ ಹೋತು ಮಾರಾಯ್ತಿ," ಎಂದ ಅಜಯ್ ಫೋನಿನಲ್ಲಿ. "ಚಂದ ಇತ್ತು."

"ಹೌದಾ," ಎಂದೆ.

ಸಮ್ಮೇಳನ ಚೆನ್ನಾಗಿಯೇ ನಡೆಯಿತು. ಗೌತಮ್ ತಾಳಗುಪ್ಪದ ರೈಲಿಗೆ ಬಂದು, ಚೆನ್ನಾಗಿಯೇ ಮಾತಾಡಿ ಹೋದ. ಈ ಸಲದ ಆಯ್ಕೆ ನ್ಯಾಯವಾಗಿತ್ತು ಎಂದು ಊರೂ ಒಪ್ಪಿತು.

ಮರುಭಾನುವಾರ ಸುಚಿತ್ರಾ ತರಗತಿ ಮುಗಿದ ಮೇಲೂ ಕೂತಿದ್ದಳು. ಅರ್ಜಿ ಹಾಕಿದವರಿಗೆಲ್ಲ ಅಂಕ ಕೊಟ್ಟವರ ಟಿಪ್ಪಣಿಯನ್ನು ಹೆಸರಿಲ್ಲದೆ ಕಳಿಸುವುದು ನಮ್ಮ ಪದ್ಧತಿ. ಅದನ್ನು ಫೋನಿನಲ್ಲಿ ತೆಗೆದು ನನ್ನ ಮುಂದಿಟ್ಟಳು.

"ಆಳ ಸಾಲ್ದು ಅಂತ ಬರ್ದಿದಾರೆ ಅಕ್ಕ. ಆಳ ಅಂದ್ರೆ ಎಂತದು? ನಾನು ಇನ್ನೂ ಏನು ಕಲೀಬೇಕಿತ್ತು?"

ಮಗಳು ನನ್ನ ಸೆರಗು ಎಳೆಯುತ್ತಿದ್ದಳು. "ದೊಡ್ಡ ಸಿಸ್ಟಮ್ಮಿಗೆ ಬೇಕಾದ್ದೆಲ್ಲ ಇರುತ್ತಲ್ಲ, ಅದು," ಎಂದೆ. ಏನು ಹೇಳಿದೆನೆಂದು ನನಗೇ ಅರ್ಥವಾಗಲಿಲ್ಲ.

ಅವಳು ತಲೆಯಾಡಿಸಿದಳು. "ಗೊತ್ತಿದ್ದೋರೇ ಹೇಳಿದ್ ಮೇಲೆ ಸರಿಯೇ ಇರ್ಬೇಕು. ನಿನ್ನೆ ಎಲ್ಲರಿಗೂ ನಂಬರ್ ನಿಲ್ಸಿದೀವಿ ಅಂತ ಒಂದು ಮೆಸೇಜ್ ಕಳ್ಸಿ ಆ ಕಿಟಕಿ ಫೋನ್ ಆಫ್ ಮಾಡ್ದೆ. ಆಳ ಇಲ್ದಿದ್ದನ್ನ ನಂಬ್ಕೊಂಡು ಯಾರಾದ್ರೂ ಗುಡ್ಡಕ್ಕೆ ಹೋಗಿ ಹೆಚ್ಚುಕಮ್ಮಿ ಆದ್ರೆ? ಅಮ್ಮಂಗೆ ಸುದ್ದಿ ಬರ್ಲಿಲ್ಲ, ಸರಿ. ಸುಳ್ಳು ಸುದ್ದಿ ಕೊಟ್ಟು ಇನ್ನೊಬ್ರ ಅಮ್ಮನ್ನ ಕಳ್ಸೋದು ಬೇಡ."

ಆಗಲೇ ಹೇಳಬಹುದಿತ್ತು. "ಮುಂದಿನ ವರ್ಷ ನೋಡೋಣ," ಎಂದೆ. ಅವಳು ಪೆನ್ಸಿಲು, ರಬ್ಬರು ಚೀಲಕ್ಕೆ ಹಾಕಿಕೊಂಡಳು. ಮುಂದಿನ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ.

ಹದಿನೈದು ದಿನಕ್ಕೊಮ್ಮೆ ಹುಲಿಕಲ್ ಕಡೆಯಿಂದ ಬಾಳೆಎಲೆ ತರುವ ಬೆಳ್ಳಮ್ಮ ಇವತ್ತು ಬೆಳಿಗ್ಗೆ ಬಂದಿದ್ದಳು. ಅತ್ತೆ ಕೊಟ್ಟ ಕಾಫಿ ಕುಡಿಯುತ್ತ ಜಗಲಿಯಲ್ಲಿ ಕೂತಳು. "ನಮ್ಮನೆ ಹಿಂದಿನ ಗುಡ್ಡದಲ್ಲಿ ಮೊನ್ನೆ ಮಂಗ ಸತ್ತು ಬಿದ್ದಿತ್ತಮ್ಮ. ಸೊಸೆ ಆ ನಂಬರಿಗೆ ಮೆಸೇಜ್ ಹಾಕಿದ್ಲು."

"ಏನು ಬಂತು?" ಎಂದೆ.

"ಏನೂ ಬರ್ಲಿಲ್ಲ. ಅಪಾಯ ಇದ್ರೆ ಬಂದೇ ಬರ್ತದೆ. ಹೋದ್ವರ್ಷ ಎಷ್ಟ್ ಸಲ ಬಂದಿತ್ತು. ಬರ್ಲಿಲ್ಲ ಅಂದ್ರೆ ಹೆದ್ರಿಕೆ ಇಲ್ಲ ಅಂತಲೇ ಅಲ್ವಾ? ನಾಳೆ ನಾನೂ ಸೊಸೇನೂ ದರಗಿಗೆ ಹೋಗ್ತೀವಿ."

"ನಡುವೆ ಒಂದು ಮೆಸೇಜ್ ಬಂದಿರ್ಬೇಕಲ್ಲ, ನಂಬರ್ ನಿಲ್ಸಿದೀವಿ ಅಂತ."

"ಬಂದಿರ್ಬೋದು. ಮಂಗ ಸಾಯದೇ ಬಂದ ಮೆಸೇಜ್ ಯಾರು ಓದ್ತಾರೆ?"

ಹೋಗಬೇಡಿ ಎಂದು ಬೆಳ್ಳಮ್ಮನ ಕೈ ಹಿಡಿದು ಹೇಳಿದೆ. ಅವಳು ಹೂಂ ಎಂದಳು. ಆದರೆ ಆ ಗುಡ್ಡಕ್ಕೆ ಹೋಗುವ ಉಳಿದ ಮನೆ ಯಾವುವು? ನನಗೆ ಗೊತ್ತಿಲ್ಲ. ಯಾವ ನಕ್ಷೆಗೂ ಗೊತ್ತಿಲ್ಲ. ಗೊತ್ತಿರುವುದು ಒಬ್ಬಳಿಗೆ.

ಮಗಳನ್ನು ಅತ್ತೆಯ ತೊಡೆಗೆ ಕೊಟ್ಟು ಹಿತ್ತಿಲಿಗೆ ಹೋಗಿ ಫೋನ್ ಮಾಡಿದೆ. ಎರಡನೇ ಸಲಕ್ಕೆ ಎತ್ತಿದಳು.

"ಸುಚಿತ್ರಾ, ಆಳ ಸಾಲದು ಅಂತ ಬರೆದವಳು ನಾನು. ಅರ್ಜಿ ನಿನ್ನದು ಅಂತ ಗೊತ್ತಿತ್ತು. ಗೊತ್ತಿದ್ದೇ ಬರೆದೆ. ನನ್ನ ಹೆಸರು ಉಳಿಸಿಕೊಳ್ಳೋಕೆ. ನಿನ್ನ ಪ್ರೋಗ್ರಾಮಲ್ಲಿ ತಪ್ಪಿಲ್ಲ."

ಆ ಕಡೆ ಅವಳ ಕಚೇರಿಯ ಪ್ರಿಂಟರಿನ ಸದ್ದು ಕೇಳುತ್ತಿತ್ತು.

"ಮತ್ತೆ," ಎಂದೆ, "ಬೆಳ್ಳಮ್ಮನ ಮನೆ ಹಿಂದೆ ಮಂಗ ಸತ್ತಿದೆಯಂತೆ. ಮೊನ್ನೆ."

ಪ್ರಿಂಟರು ನಿಂತಿತು.

"ಮೊನ್ನೆ," ಎಂದಳು. "ಯಾವ ಗುಡ್ಡ? ಸರಿಯಾಗಿ ಹೇಳಿ." ಈ ಸಲ ಅಕ್ಕ ಅನ್ನಲಿಲ್ಲ.