ಮಂಜುಗಡ್ಡೆಯಿಂದ ಎದ್ದ ಗೊದ್ದ

ಪಾನಕಕ್ಕೆಂದು ಮೈಸೂರಿನಿಂದ ತರಿಸಿದ್ದ ಮಂಜುಗಡ್ಡೆ ಒಡೆಯುವಾಗ ಚೂರೊಂದು ಸಿಡಿದು ನನ್ನ ಮಡಿಲಿಗೆ ಬಿತ್ತು. ಅದರ ಬಿರುಕಿನಲ್ಲಿ ಕಪ್ಪು ಗೊದ್ದವೊಂದು ಸೆಟೆದು ಅಂಟಿಕೊಂಡಿತ್ತು. ಐವತ್ತರ ದಶಕದ ಮಾತು. ಹನಗೋಡಿನ ನಮ್ಮ ಮನೆಯ ಚಪ್ಪರದಡಿ, ಆಗಷ್ಟೇ ತಾಳಿ ಕಟ್ಟಿಸಿಕೊಂಡು ತಲೆ ತಗ್ಗಿಸಿ ಕುಳಿತಿದ್ದೆ. ಸತ್ತ ಇರುವೆಯೆಂದು ಬಿಸಾಡಲು ಅಂಗೈಗೆ ತೆಗೆದುಕೊಂಡೆ. ಕೈಯ ಬಿಸಿಗೆ ಅದರ ಮೀಸೆ ಅಲುಗಿತು, ಆಮೇಲೆ ಒಂದು ಕಾಲು.

“ಅಯ್ಯೋ, ಜೀವ ಅದೆ ಕಣ್ರೀ!” ಎಂದು ಕಿರುಚಿಬಿಟ್ಟೆ. ಗಂಡನೊಂದಿಗೆ ನಾನಾಡಿದ ಮೊದಲ ಮಾತು ಅದು.

ಅವರು ಬಾಸಿಂಗ ಸರಿಸಿ ಬಗ್ಗಿದರು. “ಅಲ್ಲಾಡ್ಬೇಡ ಕಣಮ್ಮಿ, ಇನ್ನೊಂದು ಕಾಲೂ ಎತ್ತುತಾ ಅದೆ!” ಎಂದರು. ಗೊದ್ದ ಅವರ ಬೆರಳಿಗೆ ಹತ್ತಿ ಚುರುಕ್ಕೆಂದು ಕಚ್ಚಿತು. ಅವರು ಕೂತಲ್ಲೇ ಎಗರಿದರು; ಹಿರಿಯರೆಲ್ಲ ನೋಡುತ್ತಿದ್ದಂತೆಯೇ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆ ನಗು ಸಂಜೆಯಾದರೂ ಇಳಿಯಲಿಲ್ಲ. ಗಂಡನ ಮನೆಯ ಗಾಡಿ ಹತ್ತುವಾಗ ಅಳುವುದನ್ನೇ ಮರೆತೆನೆಂದು ಅವ್ವ ಬಹಳ ದಿನ ಮುನಿಸಿಕೊಂಡಿದ್ದಳು.