ಭಾವ ಕೂಗಿದ್ದರು

ಅಕ್ಕ, ಆ ದಿನ ಭಾವ ಕೂಗಿದ್ದರು. ಗಂಟಲು ಹರಿಯುವಷ್ಟು ಕೂಗಿರಬೇಕು. ನನಗೆ ಕೇಳಿಸಲಿಲ್ಲ — ಕೇಳಿಸದ ಹಾಗೆ ಮಾಡಿಕೊಂಡವನೂ ನಾನೇ. ಅದು ಗೊತ್ತಿದ್ದೂ, ನಿನ್ನ ಗಂಡ ಬೇಕೆಂದೇ ಬಾಯಿ ಮುಚ್ಚಿಕೊಂಡು ನನ್ನನ್ನು ಸಾಯಲು ಬಿಟ್ಟರು ಎಂಬ ಮಾತನ್ನು ಇಷ್ಟು ವರ್ಷ ನಮ್ಮ ಮನೆಯಲ್ಲಿ ಉಳಿಯಲು ಬಿಟ್ಟೆ.

ಭಾವ ಈಗಿಲ್ಲ. ಅವರಿಗೆ ಹೇಳಬೇಕಾದದ್ದನ್ನು ನಿನಗೆ ಹೇಳುತ್ತಿದ್ದೇನೆ. ಇದು ಹೇಡಿತನ ಎಂದು ನನಗೂ ಗೊತ್ತು.

ನನ್ನ ಜೀಪಿನ ಹುಚ್ಚು ನಿನಗೆ ಮರೆತಿರಲಾರದು. ಬ್ಯಾಟರಾಯನಪುರದ ತೋಟದ ದ್ರಾಕ್ಷಿಯನ್ನು ಪೇಟೆಗೆ ಸಾಗಿಸಲಿ ಎಂದು ಅಪ್ಪ ಮಿಲಿಟರಿ ಹರಾಜಿನಲ್ಲಿ ಕೊಡಿಸಿದ್ದು; ನಾನು ಅದರಲ್ಲಿ ಸಾಗಿಸಿದ್ದು ನನ್ನ ಶೋಕಿಯನ್ನು. ಅರವತ್ತರ ದಶಕದ ಆರಂಭ ಅದು. ಯಲಹಂಕದ ಆಚೆ ಒಂದು ಹಳೆಯ ರನ್‌ವೇ ಮೇಲೆ ಆಗಾಗ ಮೋಟಾರು ಓಟ ನಡೆಯುತ್ತಿತ್ತು. ಧೂಳೆದ್ದರೆ ಮುಂದಿನ ತಿರುವೇ ಕಾಣುತ್ತಿರಲಿಲ್ಲ. ಸೈನ್ಯದಲ್ಲಿ ವೈರ್‌ಲೆಸ್ ಕೆಲಸ ಮಾಡಿ ಬಂದು ಯಶವಂತಪುರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಭಾವನಿಗೆ ಅದಕ್ಕೊಂದು ಉಪಾಯ ಹೊಳೆಯಿತು — ಎರಡು ವಾಕಿಟಾಕಿ. ಒಂದು ತಿರುವಿನಲ್ಲಿ ನಿಂತ ಅವರ ಕೈಯಲ್ಲಿ, ಇನ್ನೊಂದು ನನ್ನ ಜೀಪಿನಲ್ಲಿ. ಧೂಳಿನ ಆಚೆ ಏನಿದೆ ಎಂದು ಅವರು ಹೇಳುವುದು, ನಾನು ಓಡಿಸುವುದು. ಆ ಸೆಟ್ಟುಗಳ ಲೈಸೆನ್ಸಿಗೆ ಅಲೆದವರೂ ಅವರೇ.

ಇಟ್ಟಿಗೆಯಷ್ಟು ತೂಕದ ಆ ಸೆಟ್ಟನ್ನು ಜೀಪಿಗೆ ಕಟ್ಟಲು ಭಾವ ಒಂದಿಡೀ ಭಾನುವಾರ ಕಳೆದರು. ನನ್ನ ಸೀಟಿನ ಹಿಂದೆ, ಟಾರ್ಪಾಲಿನ ಕಮಾನಿಗೆ ಕಬ್ಬಿಣದ ಪಟ್ಟಿ ಬಿಗಿದು, ಅಲುಗಾಡದಿರಲೆಂದು ಸೈಕಲ್ ಟ್ಯೂಬು ಸುತ್ತಿ, ಸರಿಯಾಗಿ ನನ್ನ ಕಿವಿಯ ಹತ್ತಿರಕ್ಕೆ ಕೂರಿಸಿದರು. ಕೈ ಒರೆಸಿಕೊಳ್ಳುತ್ತ, “ಇದನ್ನ ಮುಂದಕ್ಕೆ ತರ್ಬೇಡ ಕಣೋ ನಂಜುಂಡ. ಇಂಜಿನ್ ಹತ್ರ ಇದ್ರೆ ಅದರ ಕಿಡಿಯೆಲ್ಲ ಸೆಟ್ಟಲ್ಲಿ ಗರಗರ ಅನ್ನುತ್ತೆ. ನನ್ ಮಾತು ಒಂದೂ ಕೇಳ್ಸಲ್ಲ” ಎಂದರು.

ಆಯಿತು ಎಂದು ತಲೆ ಆಡಿಸಿದೆ. ಆದರೆ ಮನಸ್ಸಿನಲ್ಲಿ ಹುಳ ಬಿದ್ದಾಗಿತ್ತು. ಹಿಂದಿನ ವಾರವಷ್ಟೇ ಅವರು ಅಪ್ಪನಿಗೆ, “ಮಾವ, ತೋಟದಲ್ಲಿ ನಿಮ್ಮ ಮಗಳಿಗೂ ಒಂದು ಪಾಲು ಬರೆದ್ಬಿಡಿ. ಈಗ ಕಾನೂನೇ ಬಂದಿದೆಯಲ್ಲ” ಎಂದಿದ್ದರು. ಅವರು ಕೇಳಿದ್ದು ನಿನಗಾಗಿ, ಅದೂ ಎದುರಿಗೇ. ನನಗೆ ಮಾತ್ರ ಅವತ್ತಿನಿಂದ ಅವರು ಕೂತರೂ ಅನುಮಾನ, ನಿಂತರೂ ಅನುಮಾನ. ತೋಟದಲ್ಲಿ ಅಡ್ಡಾಡಿದರೆ ಅಳತೆ ಹಾಕುತ್ತಿದ್ದಾರೆ ಎನಿಸುತ್ತಿತ್ತು. ಜೀಪಿಗೆ ಕೈ ಹಾಕಿದರೆ — ಯಾಕಪ್ಪ ಇಷ್ಟೊಂದು ಉಪಕಾರ? ಸೆಟ್ಟನ್ನು ಬೆನ್ನ ಹಿಂದೆ ಬಚ್ಚಿಟ್ಟ ಹಾಗೆ ಕಟ್ಟಿದ್ದು ಕೂಡ ನನ್ನ ಮೇಲಿನ ಹೊಟ್ಟೆಕಿಚ್ಚಿಗೇ ಎಂದುಕೊಂಡೆ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಓಟದ ದಿನ ಬೆಳಿಗ್ಗೆ ಸೆಟ್ಟನ್ನು ಬಿಚ್ಚಿ ಮುಂದೆ, ಸ್ಟೀರಿಂಗಿನ ಪಕ್ಕ ಕಟ್ಟಿದೆ. ಹಗ್ಗದ ಆಚೆ ನಿಂತ ಜನಕ್ಕೆ ಕಾಣಬೇಕಿತ್ತು — ಇಂಥದ್ದು ಬೇರೆ ಯಾರ ಗಾಡಿಯಲ್ಲೂ ಇರಲಿಲ್ಲ. ಭಾವ ದೂರದ ತಿರುವಿನಿಂದ ಮಾತಾಡಿ ಪರೀಕ್ಷೆ ಮಾಡಿದರು. ಇಂಜಿನ್ ಇನ್ನೂ ಚಾಲೂ ಮಾಡಿರಲಿಲ್ಲ. ದನಿ ಸ್ಪಷ್ಟವಾಗಿ ಕೇಳಿತು. ನೋಡು, ಸುಳ್ಳು ಹೇಳಿ ಹೆದರಿಸಿದ್ದರು ಎಂದು ಒಳಗೊಳಗೇ ನಕ್ಕೆ.

ಮುಂದಿನದು ನಿನಗೆ ಗೊತ್ತು. ಧೂಳಿನೊಳಗೆ ಒಂದು ಕಾರು ತಿರುವಿನಲ್ಲೇ ಕೆಟ್ಟು ಅಡ್ಡ ನಿಂತಿತ್ತು. ಸೆಟ್ಟಿನಿಂದ ಬಂದದ್ದು ಬರೀ ಗರಗರ. ಕಾರು ಕಣ್ಣಿಗೆ ಬಿದ್ದಾಗ ಸ್ಟೀರಿಂಗ್ ಎಳೆದೆ, ಜೀಪು ಮಗುಚಿತು, ನನ್ನ ಕಾಲು ಅದರಡಿ ಸಿಕ್ಕಿತು. ಸೆಟ್ಟು ಕಿತ್ತುಕೊಂಡು ಹುಲ್ಲಿಗೆ ಬಿದ್ದಿತ್ತು. ಅದು ಎಲ್ಲಿತ್ತೆಂದು ನಮ್ಮವರಲ್ಲಿ ಹೇಳಬಲ್ಲವನು ನಾನೊಬ್ಬನೇ ಆಗಿದ್ದೆ.

ಆಸ್ಪತ್ರೆಯಲ್ಲಿ ಭಾವ ಮಂಚದ ಹತ್ತಿರ ಬಂದು ನನ್ನ ಹಣೆ ಮುಟ್ಟಿದರು. ಆಮೇಲೆ ಮೆಲ್ಲಗೆ, “ಸೆಟ್ ಎಲ್ಲಿತ್ತೋ?” ಎಂದರು.

ಅಷ್ಟೇ ಕೇಳಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಉರಿದುಬಿದ್ದೆ. ತಪ್ಪನ್ನು ನನ್ನ ತಲೆಗೆ ಕಟ್ಟಲು ಬಂದಿದ್ದಾರೆ ಎಂದು — ಆ ಗಳಿಗೆಯಲ್ಲಿ ನಿಜವಾಗಿಯೂ ಹಾಗೆಯೇ ಅನಿಸಿತು. “ನೀವು ಕಟ್ಟಿದ ಜಾಗದಲ್ಲೇ ಇತ್ತು. ನೀವೇ ಬಾಯಿ ಬಿಡ್ಲಿಲ್ಲ” ಎಂದೆ.

ಸುತ್ತ ನೆಂಟರಿದ್ದರು. ಅಪ್ಪ ಎದ್ದು ನಿಂತು, “ಪಾಲು ಬೇಕು ಅಂತ ನನ್ ಮಗನ್ನೇ ಬಲಿ ಕೊಡಕ್ಕೋದ್ರಾ? ಇನ್ಮೇಲೆ ನಮ್ಮನೆ ಒಸ್ಲು ತುಳೀಬ್ಯಾಡಿ” ಎಂದರು. ಭಾವ ನನ್ನನ್ನೇ ಒಂದು ಕ್ಷಣ ನೋಡಿ ಹೊರಗೆ ಹೋದರು. ಆಮೇಲೆ ಬಾಗಿಲಾಚೆ ನಿನ್ನ ದನಿ ಕೇಳಿತು ಅಕ್ಕ: “ನಿಜ ಹೇಳ್ರೀ. ನೀವು ಕೂಗಿದ್ರಾ?” “ಕೂಗ್ದೆ ಕಣೇ” ಎಂದರು. ನಿನ್ನ ಉತ್ತರಕ್ಕಾಗಿ ಕಿವಿಗೊಟ್ಟು ಮಲಗಿದ್ದೆ. ನೀನು ಏನೂ ಹೇಳಲಿಲ್ಲ.

ಇಲ್ಲಿಯವರೆಗಿನದ್ದು ನನ್ನ ದಡ್ಡತನ ಎನ್ನಬಹುದೇನೋ. ಮುಂದಿನದಕ್ಕೆ ಆ ಹೆಸರು ಸಲ್ಲುವುದಿಲ್ಲ. ಕಾಲು ಕೂಡಿಕೊಂಡ ಮೇಲೆ, ಜೀಪು ರಿಪೇರಿಯಾಗಿ ಬಂದಾಗ, ಮನಸ್ಸು ತಡೆಯದೆ ಅದೇ ಸೆಟ್ಟನ್ನು ಅದೇ ಸ್ಟೀರಿಂಗಿನ ಪಕ್ಕ ಇಟ್ಟು ಇಂಜಿನ್ ಚಾಲೂ ಮಾಡಿದೆ. ಗರಗರ. ಆಕ್ಸಿಲರೇಟರ್ ಒತ್ತಿದಷ್ಟೂ ಜೋರು. ಎತ್ತಿ ಹಿಂದಿನ ಕಮಾನಿಗೆ ಹಿಡಿದೆ — ಸದ್ದು ಇಳಿಯಿತು. ಮತ್ತೆ ಮುಂದೆ ತಂದೆ. ಮತ್ತೆ ಹಿಂದೆ. ಎಷ್ಟು ಸಲ ಮಾಡಿದರೂ ಅದು ಒಂದೇ ಮಾತು ಹೇಳಿತು. ಇಂಜಿನ್ ಆರಿಸಿ ಒಳಗೆ ಹೋಗಿ ಊಟ ಮಾಡಿದೆ. ಅಪ್ಪನಿಗೆ ಹೇಳಲಿಲ್ಲ.

ಯಾಕೆ? ಅಷ್ಟರಲ್ಲಿ ಅಪ್ಪ ತೋಟವನ್ನೆಲ್ಲ ನನ್ನ ಹೆಸರಿಗೆ ಬರೆದಿದ್ದರು. ಅದೇ ಕಾರಣ, ಬೇರೆ ಹುಡುಕುವುದಿಲ್ಲ. ಆ ವರ್ಷದ ಗೌರಿ ಹಬ್ಬಕ್ಕೆ ನಿನಗೆ ಬಾಗಿನ ಹೋಗಲಿಲ್ಲ, ಮುಂದೆಯೂ ಹೋಗಲಿಲ್ಲ. ಅಮ್ಮ ಮೊರ ತೊಳೆದು ಅರಿಶಿನ ಹಚ್ಚಿ ಇಟ್ಟುಕೊಂಡು, ಅಪ್ಪನ ಮುಖ ನೋಡಿ ಎತ್ತಿಟ್ಟಳು. ನಾನು ಅಲ್ಲೇ ಕೂತಿದ್ದೆ. ದ್ರಾಕ್ಷಿ ತೋಟ ಹೋಗಿ ಸೈಟುಗಳಾದವು, ಸೈಟುಗಳು ಮನೆಗಳಾದವು. ನಿನ್ನ ಪಾಲಿನ ಮಣ್ಣಿನ ಮೇಲೆ ನಾನು ಬಾಡಿಗೆ ತಿಂದೆ.

ಭಾವನ ವರ್ಷದ ತಿಥಿಗೆ ನೆಂಟರೆಲ್ಲ ಸೇರುತ್ತಾರಲ್ಲ, ಬರುತ್ತೇನೆ. ಅವರ ಹೆಸರು ಕೆಟ್ಟದ್ದು ಹತ್ತು ಜನರ ಮುಂದೆ. ಇದನ್ನೂ ಹತ್ತು ಜನರ ಮುಂದೆಯೇ ಹೇಳುತ್ತೇನೆ. ನಿನ್ನ ಪಾಲನ್ನು ನಿನ್ನ ಹೆಸರಿಗೆ ಮಾಡಿಸುವ ಕೆಲಸ ಶುರುವಾಗಿದೆ. ಅದರಿಂದ ಏನೂ ಸರಿಹೋಗುವುದಿಲ್ಲ, ಗೊತ್ತು. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಭಾವ ಹೋದ ದಿನ, ಅವರ ತಲೆಯ ಹತ್ತಿರ ಕೂತು ನೀನು ನನಗೆ ಹೇಳಿದೆ: “ನಿನ್ನೆನೂ ಕೇಳಿದ್ರು ಕಣೋ — ನಾನ್ ಕೂಗಿದ್ದನ್ನ ನೀನಾದ್ರೂ ನಂಬ್ತೀಯೇನೇ ಅಂತ. ನಂಗೆ ಹೂಂ ಅನ್ನಕ್ಕಾಗ್ಲಿಲ್ಲ.” ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಆಗಲೂ, ಅಕ್ಕ, ನಾನು ಬಾಯಿ ಬಿಡಲಿಲ್ಲ.